ಬಿಟ್ಟ ಕಸುಬು ಮತ್ತೆ ಹಿಡಿದಾಗ

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ, ಅಥಣಿ ಭಾಗದ ಚರ್ಮ ಕುಶಲಕರ್ಮಿಗಳ ಕುಟುಂಬವೊಂದರ ಪರವಾಗಿ ಮಾಡಿದ ಭಾಷಣದ ಬರಹರೂಪ)



ನಿಂತು ಮಾತಾಡುವುದು ನಮಗೆ ರೂಢಿ ಇಲ್ಲ. ಕುಳಿತು ಕೆಲಸ ಮಾಡುವುದು ರೂಢಿ. ಆದರೂ ಅಧ್ಯಕ್ಷರು, "ನೀವು ಕಸುಬು ಬಿಟ್ಟು ಹೋಗಿ ಮತ್ತ ಹೆಂಗ ಹಿಡದ್ರಿ, ಅದನ್ನ ನಾಕ ಮಂದಿ ಮುಂದ ಹೇಳ್ರಿ" ಅಂತ ಅಪ್ಪಣೆ ಕೊಟ್ಟರು. ಅದಕ್ಕಾಗಿ ಈ ಎರಡು ಮಾತು.

ನಮ್ಮ ನಾಡಿಗೂ ಸಹಕಾರಕ್ಕೂ ನಂಟು ಹಳೆಯದು. 1905ರಲ್ಲಿಯೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಹಳ್ಳಿಯ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ವಿಶ್ವಸಂಸ್ಥೆಯವರು 2025ನೇ ವರ್ಷವನ್ನು ಅಂತರರಾಷ್ಟ್ರೀಯ ಸಹಕಾರ ವರ್ಷವೆಂದು ಸಾರಿದ್ದರು. ಆದರೆ ಕಣಗಿನಹಾಳದಿಂದ ಹೊರಟ ಸಹಕಾರ ನಮ್ಮ ಓಣಿಗೆ ಬಂದು ಮುಟ್ಟಲು ಬಹಳ ವರ್ಷ ಹಿಡಿಯಿತು. ಬಂದ ಮೇಲೆ ಏನಾಯಿತು ಅನ್ನುವುದೇ ನಮ್ಮ ಇಂದಿನ ವಿಷಯ.

ಹಿಂದೆ ನಮ್ಮ ಹಿರಿಯರು ಆಯಗಾರರಾಗಿದ್ದರು. ರೈತರಿಗೆ ಕಾಲ್ಮರಿ ಒಂದೇ ಅಲ್ಲ, ಎತ್ತಿನ ಕೊರಳಿಗೆ ಬಾರು, ನೊಗಕ್ಕೆ ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಗೆ ಚರ್ಮದ ಬಾನೆ, ಎಲ್ಲ ನಮ್ಮ ಓಣಿಯಿಂದಲೇ ಹೋಗಬೇಕಿತ್ತು. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತರು ಜೋಳ ಅಳೆದು ಕೊಡುತ್ತಿದ್ದರು. ಚರ್ಮವನ್ನೂ ಊರಲ್ಲೇ ಹದ ಮಾಡುತ್ತಿದ್ದರು. ಹಸಿ ತೊಗಲನ್ನು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲು ತೆಗೆದು, ತೊಳೆದು, ಜಾಲಿ ತೊಗಟೆ ಮತ್ತು ಅಳಲೆಕಾಯಿಯ ರಸದಲ್ಲಿ ಇಡಬೇಕು. ಆಮೇಲೆ ಆ ತೊಗಲನ್ನೇ ಚೀಲದಂತೆ ಹೊಲಿದು, ತೂಗುಹಾಕಿ, ಒಳಗೆ ತೊಗಟೆಯ ರಸ ತುಂಬಬೇಕು. ಹದಕ್ಕೆ ಬರಲು ತಿಂಗಳೇ ಬೇಕು. ಕೆಟ್ಟ ವಾಸನೆ, ಕೈಯೆಲ್ಲ ಸುಣ್ಣ ತಿಂದ ಗಾಯ. ಊರಿಗೆ ಬೇಕಾದ ಕೆಲಸ, ಆದರೆ ಮಾಡುವವರು ಮಾತ್ರ ಊರ ಹೊರಗೆ.

ಮುಂದೆ ಕಪಿಲೆ ಹೋಗಿ ಪಂಪ್‌ಸೆಟ್ ಬಂತು. ಮಿಣಿ ಹೋಗಿ ನೈಲಾನ್ ಹಗ್ಗ ಬಂತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ಕಾಲಿಗೆ ರಬ್ಬರ್, ಪ್ಲಾಸ್ಟಿಕ್ ಬಂತು. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ಅಗ್ಗದ ಚಪ್ಪಲಿ ಬಡವರ ಕಾಲನ್ನೂ ಕಾಯ್ದಿದೆ. ನಮಗೆ ಉಳಿದದ್ದು ಪೇಟೆಗೆ ಹೋಗುವ ಕೊಲ್ಲಾಪುರಿ ಚಪ್ಪಲಿ ಒಂದೇ. ಅದರಲ್ಲೂ ಮನೆಯ ಖರ್ಚು ನೀಗದೆ 2008ರಲ್ಲಿ ನಾವು ಮನೆಗೆ ಬೀಗ ಹಾಕಿ ಇಚಲಕರಂಜಿಗೆ ಹೋದೆವು. ಹನ್ನೆರಡು ವರ್ಷ ಮಗ್ಗದ ಸಪ್ಪಳದಲ್ಲಿ ದುಡಿದೆವು. ವಾರಕ್ಕೊಮ್ಮೆ ಪಗಾರ ಬರುತ್ತಿತ್ತು, ಮಕ್ಕಳು ಸಾಲಿ ಕಲಿತರು, ನೀವು ಯಾವ ಮಂದಿ ಅಂತ ಅಲ್ಲಿ ಬಹಳ ಜನ ಕೇಳಲಿಲ್ಲ. ಆ ಊರಿನ ಅನ್ನದ ಋಣ ನಮ್ಮ ಮೇಲಿದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಮಗ್ಗ ನಿಂತವು. ಊರಿಗೆ ಬಂದೆವು. ನಾಲ್ಕು ದಿನಕ್ಕೆಂದು ಬಂದವರು ಇಲ್ಲೇ ಉಳಿದೆವು. ಅಟ್ಟದ ಮೇಲೆ ಮುತ್ಯಾನ ಸಾಮಾನಿನ ಗಂಟು ಹಾಗೇ ಇತ್ತು: ಚರ್ಮ ಕೊಯ್ಯುವ ರಂಪಿಗೆ, ತೂತು ಹಾಕುವ ಆರಿ, ಉಳಿ, ಕೊಡತಿ. ಕಬ್ಬಿಣಕ್ಕೆ ತುಕ್ಕು ಹತ್ತಿತ್ತು. ಅದನ್ನು ಕಲ್ಲಿಗೆ ಮಸೆದರೆ ಹೋಗುತ್ತದೆ. ಕೈಗೆ ಹತ್ತಿದ ತುಕ್ಕು ಹೋಗಲು ಒಂದು ವರ್ಷ ಬೇಕಾಯಿತು.

ಚಪ್ಪಲಿಯ ಕೆಲಸ ನೋಡಲು ಸರಳ. ಮಾಡಲು ಕುಳಿತರೆ ಗೊತ್ತಾಗುತ್ತದೆ. ಅಟ್ಟೆಗೆ ಎಮ್ಮೆಯ ಚರ್ಮ ಬೇಕು, ಅದೂ ಬೆನ್ನಿನ ಭಾಗದ್ದು. ಹೊಟ್ಟೆಯ ಭಾಗದ ಚರ್ಮ ಜಗ್ಗುತ್ತದೆ. ಅದರಿಂದ ಅಟ್ಟೆ ಮಾಡಿದರೆ ನಾಲ್ಕು ದಿನದಲ್ಲಿ ಆಕಾರ ಕೆಡುತ್ತದೆ. ಕೊಯ್ಯುವ ಮುಂಚೆ ಚರ್ಮವನ್ನು ನೆನೆಸಬೇಕು. ಬಹಳ ನೆನೆದರೆ ರಂಪಿಗೆ ಜಾರುತ್ತದೆ, ಒಣಗಿದರೆ ಹರಿಯುವುದಿಲ್ಲ. ಆ ನಡುವಿನ ಹದವನ್ನು ಯಾರೂ ಬಾಯಿಂದ ಹೇಳಿಕೊಡಲಾರರು, ಬೆರಳಿಗೇ ಗೊತ್ತಾಗಬೇಕು. ಕೊಯ್ದ ಅಟ್ಟೆಯನ್ನು ಕಲ್ಲಿನ ಮೇಲಿಟ್ಟು ಬಡಿದು ಗಟ್ಟಿ ಮಾಡಬೇಕು. ಎರಡು ಅಟ್ಟೆಗಳ ನಡುವೆ ಕಿವಿ ಕೂಡಿಸಿ, ಚರ್ಮದ ದಾರದಿಂದಲೇ ಹೊಲಿಯಬೇಕು. ಹಳೆಯ ಪದ್ಧತಿಯ ಚಪ್ಪಲಿಗೆ ಒಂದು ಮೊಳೆ ಕೂಡ ಇಲ್ಲ.

ಇನ್ನು ಮೇಲಿನ ಹೆಣಿಗೆ. ಆಡಿನ ತೆಳು ಚರ್ಮವನ್ನು ಎಳೆ ಎಳೆಯಾಗಿ ಸೀಳಿ ಜಡೆಯ ಹಾಗೆ ಹೆಣೆಯುತ್ತಾರೆ. ಇದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಕೆಲಸ. ನಮ್ಮ ಆಯಿಗೆ ಆಗ ಕಣ್ಣು ಮಂಜಾಗಿತ್ತು. ಆದರೂ ಎಳೆಗಳನ್ನು ಕೈಗೆ ಕೊಟ್ಟರೆ ನೋಡದೆಯೇ ಹೆಣೆಯುತ್ತಿದ್ದಳು. ಸೊಸೆಯಂದಿರನ್ನು ಕೂಡಿಸಿಕೊಂಡು, "ಜಗ್ಗಬ್ಯಾಡ್ರೆ, ಅದು ತಾನ ಬರತೈತಿ" ಅನ್ನುತ್ತಿದ್ದಳು. ಎರಡು ವರ್ಷ ಕಲಿಸಿ 2022ರಲ್ಲಿ ಆಯಿ ತೀರಿಕೊಂಡಳು. ನಾವು ಇನ್ನೂ ಮೂರು ವರ್ಷ ಇಚಲಕರಂಜಿಯಲ್ಲೇ ಇದ್ದಿದ್ದರೆ ಆ ಹೆಣಿಗೆ ಆಯಿಯ ಜೊತೆಯಲ್ಲೇ ಮಣ್ಣಾಗುತ್ತಿತ್ತು. ಯಾವ ಪುಸ್ತಕದಲ್ಲಿಯೂ ಅದನ್ನು ಹುಡುಕಿ ತೆಗೆಯುವಂತಿರಲಿಲ್ಲ. ಇವತ್ತು ಎಷ್ಟೋ ಓಣಿಗಳಲ್ಲಿ ಕೊನೆಯದಾಗಿ ಬಲ್ಲವರು ಹೀಗೇ ಮೂಲೆಯಲ್ಲಿ ಕುಳಿತಿದ್ದಾರೆ.

ಕೈ ಬಂತು. ಆದರೆ ಬರೀ ಕೈ ಬಂದರೆ ಕಸುಬು ನಡೆಯುವುದಿಲ್ಲ. ಇಲ್ಲಿ ಸಹಕಾರದ ಮಾತು ಬರುತ್ತದೆ, ದಯವಿಟ್ಟು ಗಮನ ಕೊಡಿರಿ.

ಚಪ್ಪಲಿಗೆ ಬೇಸಿಗೆಯಲ್ಲಿ ಗಿರಾಕಿ. ಮಳೆಗಾಲದಲ್ಲಿ ಯಾರೂ ಚರ್ಮದ ಚಪ್ಪಲಿ ಕೊಳ್ಳುವುದಿಲ್ಲ. ಚರ್ಮ ಒಣಗುವುದಿಲ್ಲ, ಬೂಷ್ಟು ಹಿಡಿಯುತ್ತದೆ. ಆದರೆ ಹೊಟ್ಟೆಗೆ ಮಳೆಗಾಲ ಬೇಸಿಗೆ ಅಂತ ಇಲ್ಲವಲ್ಲ! ಆ ನಾಲ್ಕು ತಿಂಗಳು ಕುಟುಂಬ ನಡೆಸಲು ಪೇಟೆಯ ವ್ಯಾಪಾರಿಯ ಹತ್ತಿರ ಮುಂಗಡ ತರಬೇಕು. ಚರ್ಮವನ್ನೂ ಅವರ ಹತ್ತಿರವೇ ಉದ್ದರಿ ತರಬೇಕು. ಒಮ್ಮೆ ಮುಂಗಡ ತಂದರೆ ಮಾಲು ಅವರಿಗೇ ಕೊಡಬೇಕು, ಅವರು ಹೇಳಿದ ದರಕ್ಕೇ ಕೊಡಬೇಕು. ಸುಗ್ಗಿಯ ಕಾಲಕ್ಕೆ ಪೇಟೆಯಲ್ಲಿ ದರ ಏರಿದರೂ ಅದು ನಮ್ಮ ಅಂಗಳಕ್ಕೆ ಬರುವುದಿಲ್ಲ. ಹಿಂದೆ ನಾವು ಊರು ಬಿಟ್ಟದ್ದು ಕೆಲಸ ಇಲ್ಲದ್ದಕ್ಕಲ್ಲ, ದರ ಹೇಳುವ ಬಾಯಿ ಇಲ್ಲದ್ದಕ್ಕೆ.

2021ರಲ್ಲಿ ಸಂಘದ ಸ್ವಸಹಾಯ ಗುಂಪಿನ ಮೂಲಕ ನಮ್ಮ ಮನೆಯ ಹೆಣ್ಣುಮಗಳ ಹೆಸರಿನಲ್ಲಿ 30,000 ರೂಪಾಯಿ ಸಾಲ ಸಿಕ್ಕಿತು. ಅಡವು ಕೇಳಲಿಲ್ಲ, ಗುಂಪಿನ ಒಂಬತ್ತು ಮಂದಿ ಜವಾಬ್ದಾರಿ ಹೊತ್ತರು. ಆ ದುಡ್ಡಿನಲ್ಲಿ ನಗದು ಕೊಟ್ಟು ಚರ್ಮ ತಂದೆವು. ನಗದು ಕೊಟ್ಟವರಿಗೆ ಚರ್ಮ ಆರಿಸಿಕೊಳ್ಳುವ ಹಕ್ಕು ಇರುತ್ತದೆ ಅನ್ನುವುದು ಅವತ್ತು ತಿಳಿಯಿತು. ಮಳೆಗಾಲವೆಲ್ಲ ಅಟ್ಟೆ, ಹೆಣಿಗೆ ಮಾಡಿ ಇಟ್ಟುಕೊಂಡು, ದೀಪಾವಳಿಯ ಮೇಲೆ ನಾವೇ ದರ ಹೇಳಿ ಮಾರಿದೆವು. ಕಂತು ತುಂಬಿದೆವು. ಇದರಲ್ಲಿ ಪವಾಡ ಏನೂ ಇಲ್ಲ. ರೈತರಿಗೆ ಬೆಳೆಸಾಲ ಕೊಡುವ ಲೆಕ್ಕವನ್ನೇ ಸಂಘ ನಮ್ಮ ಕಸುಬಿಗೂ ಹಾಕಿತು, ಅಷ್ಟೇ.

ಈಗ ಎಲ್ಲರ ಬಾಯಲ್ಲೂ ಇರುವ ಸುದ್ದಿಗೆ ಬರೋಣ. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಹೆಸರು ಕೊಲ್ಲಾಪುರದ್ದಾದರೂ ಹಕ್ಕು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದೆ: ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ, ನಮ್ಮ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ನಮ್ಮ ರಾಜ್ಯದ ಲಿಡ್ಕರ್ ನಿಗಮ ಮತ್ತು ಮಹಾರಾಷ್ಟ್ರದ ಲಿಡ್ಕಾಂ ಜಂಟಿಯಾಗಿ ಇದನ್ನು ಪಡೆದಿವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಪ್ರದರ್ಶನದಲ್ಲಿ ಇಂಥದೇ ಚಪ್ಪಲಿ ತೋರಿಸಿತು. ಮೊದಲು ನಮ್ಮ ಹೆಸರು ಎಲ್ಲಿಯೂ ಇರಲಿಲ್ಲ. ಗದ್ದಲವಾದ ಮೇಲೆ ಭಾರತದ ಕರಕುಶಲದಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿಕೊಂಡರು. ಅದೇ ವರ್ಷ ಡಿಸೆಂಬರ್‌ನಲ್ಲಿ ಎರಡೂ ನಿಗಮಗಳೊಡನೆ ಒಪ್ಪಂದ ಮಾಡಿಕೊಂಡರು. ಸಂತೋಷ. ಆದರೆ ಒಂದು ಮಾತು ತಿಳಿದಿರಲಿ. ಜಿಐ ಅನ್ನುವುದು ಊರಿನ ಹೆಸರಿಗೆ ಬೇಲಿ ಇದ್ದ ಹಾಗೆ. ಬೇಲಿ ಹಾಕಿದ ಮಾತ್ರಕ್ಕೆ ಹೊಲದಲ್ಲಿ ಬೆಳೆ ಬರುವುದಿಲ್ಲ. ಆ ಹೆಸರು ಬಳಸಲು ಕುಶಲಕರ್ಮಿಗಳು ಅಧಿಕೃತ ಬಳಕೆದಾರರೆಂದು ನೋಂದಾಯಿಸಿಕೊಳ್ಳಬೇಕು. ಅರ್ಜಿ, ಕಾಗದಪತ್ರ ಅಂದರೆ ನಮ್ಮ ಮಂದಿ ಇನ್ನೂ ಹೆದರುತ್ತಾರೆ.

ಹಾಗೆಯೇ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಪಾದರಕ್ಷೆ ಮಾಡುವವರೂ ಸೇರಿದ್ದಾರೆ. ತರಬೇತಿ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಶೇಕಡಾ 5ರ ಬಡ್ಡಿಯಲ್ಲಿ ಅಡವಿಲ್ಲದೆ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ, ಇವು ಅದರಲ್ಲಿವೆ. ಓಣಿಯ ಹುಡುಗರು ಇದನ್ನು ವಿಚಾರಿಸಬೇಕು.

ಇನ್ನು ಮರ್ಯಾದೆಯ ಮಾತು. ಇದನ್ನು ಹೇಳದೆ ಹೋದರೆ ಭಾಷಣ ಪೂರ್ತಿ ಆಗುವುದಿಲ್ಲ. ಕಾಲ್ಮರಿ ಹೊಲಿದವರೇ ಅದನ್ನು ಮೆಟ್ಟಿಕೊಂಡು ಗೌಡರ ಓಣಿಯಲ್ಲಿ ನಡೆಯುವಂತಿರಲಿಲ್ಲ. ಕೈಯಲ್ಲಿ ಹಿಡಿದುಕೊಂಡು ದಾಟಬೇಕಿತ್ತು. ನಮ್ಮ ಮುತ್ಯಾ ಹಾಗೆ ದಾಟಿದವನು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಸುಬಿನ ಮಾದಾರ ಚೆನ್ನಯ್ಯ, ಮಾದಾರ ಧೂಳಯ್ಯ, ಸಮಗಾರ ಹರಳಯ್ಯ ಶರಣರಾಗಿ ಬಾಳಿದರು. ಚೆನ್ನಯ್ಯನವರ ವಚನಗಳ ಅಂಕಿತದಲ್ಲಿಯೇ ಉಳಿ, ಕತ್ತಿಗಳ ಹೆಸರು ಬರುತ್ತದೆ. ನಾವು ಜಯಂತಿಯಲ್ಲಿ ಅವರ ಹೆಸರು ಹೇಳಿ ಕೈಮುಗಿಯುತ್ತೇವೆ. ಕೈಮುಗಿದ ಮೇಲೆ ಆ ಉಳಿ ಹಿಡಿದವರನ್ನು ಚಹಾದಂಗಡಿಯಲ್ಲಿ ಹೇಗೆ ಕಾಣುತ್ತೇವೆ ಅನ್ನುವುದನ್ನೂ ನೋಡಿಕೊಳ್ಳಬೇಕಲ್ಲವೇ?

ಹಾಗಾಗಿ ನಮ್ಮ ಮಕ್ಕಳು ಈ ಕಸುಬನ್ನೇ ಮಾಡಬೇಕು ಅಂತ ನಾವು ಹೇಳುವುದಿಲ್ಲ. ಹುಟ್ಟಿದ ಓಣಿಯ ಕಾರಣಕ್ಕೆ ಕೊರಳಿಗೆ ಬಿದ್ದ ಕಸುಬು ಬೇಡ. ನಮ್ಮ ಮಗಳು ಡಿಪ್ಲೊಮಾ ಓದುತ್ತಿದ್ದಾಳೆ. ರಜೆಯಲ್ಲಿ ಬಂದಾಗ ತಾನಾಗಿ ಹೆಣಿಗೆ ಹಿಡಿಯುತ್ತಾಳೆ. ಮುಂದೆ ಎಂಜಿನಿಯರ್ ಆದರೂ ಸಂತೋಷ, ಚಪ್ಪಲಿಯ ಅಂಗಡಿ ಇಟ್ಟರೂ ಸಂತೋಷ. ಬೇರೆ ಓಣಿಯ ಹುಡುಗರು ಕಲಿಯಲು ಬಂದರೆ ಚಾಪೆ ಹಾಸಿ ಕೂಡಿಸುತ್ತೇವೆ. ನಾವು ಮರಳಿ ಬಂದದ್ದು ಕಸುಬಿಗೆ, ಹಳೆಯ ಕಾಲಕ್ಕಲ್ಲ.

ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ಸಂಘದ ಮುಂದೆ ಮೂರು ವಿನಂತಿ ಇಡುತ್ತೇವೆ.

ಒಂದು: ಚರ್ಮದ ಕಸುಬಿನ ಸಾಲವನ್ನು ಮೇ ತಿಂಗಳ ಕೊನೆಗೆ ಕೊಟ್ಟು, ಕಂತು ದೀಪಾವಳಿಯ ಮೇಲೆ ಶುರುವಾಗುವಂತೆ ನಿಯಮ ಮಾಡಬೇಕು. ಮಳೆಗಾಲದಲ್ಲಿ ಕಂತು ಕೇಳಿದರೆ ನಾವು ಮತ್ತೆ ವ್ಯಾಪಾರಿಯ ಬಾಗಿಲಿಗೇ ಹೋಗಬೇಕಾಗುತ್ತದೆ.

ಎರಡು: ರೈತರಿಗೆ ಗೊಬ್ಬರ ತರಿಸುವ ಹಾಗೆ ಹದವಾದ ಚರ್ಮವನ್ನು ಸಂಘವೇ ಒಟ್ಟಿಗೆ ತರಿಸಿ ಗೋದಾಮಿನಿಂದ ಹಂಚಬೇಕು. ಹತ್ತು ಮನೆಯವರು ಹತ್ತು ಸಲ ಪೇಟೆಗೆ ಹೋಗುವ ಬಸ್ ಖರ್ಚಾದರೂ ಉಳಿಯುತ್ತದೆ.

ಮೂರು: ಹೆಣೆಯುವ ಹೆಣ್ಣುಮಕ್ಕಳನ್ನು ಅವರವರ ಹೆಸರಿನಲ್ಲಿಯೇ ಷೇರು ಕೊಟ್ಟು ಪೂರ್ಣ ಸದಸ್ಯರನ್ನಾಗಿ ಮಾಡಬೇಕು. ಅರ್ಧ ಚಪ್ಪಲಿ ಅವರ ಕೈಯದು. ಮತದಾರರ ಪಟ್ಟಿಯಲ್ಲಿ ಮಾತ್ರ ಅವರ ಹೆಸರು ಕಾಣುವುದಿಲ್ಲ.

ಸದಸ್ಯ ಬಾಂಧವರಲ್ಲಿಯೂ ಒಂದು ಮಾತು. ಕೊಳ್ಳುವಾಗ ಚಪ್ಪಲಿಯನ್ನು ತಿರುವಿ ನೋಡಿರಿ. ಮೊಳೆ ಇದೆಯೋ ಹೊಲಿಗೆ ಇದೆಯೋ, ಚರ್ಮದ ವಾಸನೆಯೋ ರೆಕ್ಸಿನ್ ವಾಸನೆಯೋ, ನಿಮಗೇ ತಿಳಿಯುತ್ತದೆ. ಹೊಸದು ಮೊದಲ ವಾರ ಕಚ್ಚುತ್ತದೆ. ತುಸು ಎಣ್ಣೆ ಸವರಿ ದಿನಕ್ಕೆ ಒಂದೆರಡು ತಾಸು ಮೆಟ್ಟಿರಿ, ಆಮೇಲೆ ನಿಮ್ಮ ಕಾಲಿನ ಆಕಾರಕ್ಕೇ ಕೂಡುತ್ತದೆ. ಮಳೆಯಲ್ಲಿ ನೆನೆಸಬೇಡಿರಿ. ನೆನೆದರೆ ಬಿಸಿಲಿಗೆ ಇಡದೆ ನೆರಳಲ್ಲಿ ಒಣಗಿಸಿರಿ. ಅಟ್ಟೆ ಸವೆದರೆ ಎಸೆಯಬೇಡಿರಿ, ನಮ್ಮಲ್ಲಿಗೆ ತನ್ನಿರಿ, ಕಟ್ಟಿಕೊಡುತ್ತೇವೆ.

ಸಂಘ ಸುವರ್ಣ ಮಹೋತ್ಸವ ಕಾಣಲಿ. ಅಷ್ಟರೊಳಗೆ ಈ ಮೂರು ವಿನಂತಿಗಳು ಹಳೆಯ ಮಾತಾಗಲಿ ಎಂದು ಹಾರೈಸಿ ಮುಗಿಸುತ್ತೇವೆ.

ಜೈ ಸಹಕಾರ.