ಮಸ್ಟರ್ ರೋಲ್ ಮತ್ತು ಮಾತಿನ ಹಕ್ಕು



ವಾಕ್ ಸ್ವಾತಂತ್ರ್ಯದ ಬಗ್ಗೆ ಮಾತಾಡಬೇಕೆಂದು ಕರೆದಿದ್ದೀರಿ. ಇಂಥ ವೇದಿಕೆಯಲ್ಲಿ ಲೇಖಕರ, ಸಂಪಾದಕರ, ಸಿನಿಮಾದವರ ಕಥೆ ಹೇಳುವುದು ವಾಡಿಕೆ. ಯಾವ ಪುಸ್ತಕ ಮುಟ್ಟುಗೋಲಾಯಿತು, ಯಾರು ಜೈಲು ಕಂಡರು, ಯಾವ ಚಿತ್ರಕ್ಕೆ ಕತ್ತರಿ ಬಿತ್ತು ಎಂಬ ಪಟ್ಟಿ ನಮ್ಮಲ್ಲೂ ಉದ್ದವಾಗಿಯೇ ಇದೆ. ನಾನು ಮಾತ್ರ ಬರಗಾಲದ ಕಾಮಗಾರಿಯಲ್ಲಿ ಮಣ್ಣು ಹೊತ್ತ ಕೂಲಿಯವರಿಂದ ಶುರು ಮಾಡುತ್ತೇನೆ. ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯನ್ನು ಅವರಷ್ಟು ದೂರ ಎಳೆದು ತಂದವರು ಈ ದೇಶದಲ್ಲಿ ಬೇರೆ ಯಾರೂ ನನಗೆ ಕಾಣುವುದಿಲ್ಲ.

ರಾಜಸ್ಥಾನದ ರಾಜಸಮಂದ್ ಕಡೆಯ ದೇವಡೂಂಗ್ರಿ ಒಂದು ಸಣ್ಣ ಹಳ್ಳಿ. 1987ರಲ್ಲಿ ಅರುಣಾ ರಾಯ್, ನಿಖಿಲ್ ಡೇ, ಶಂಕರ್ ಸಿಂಗ್ ಅಲ್ಲಿಗೆ ಬಂದು ನೆಲೆಸಿದರು. ಅರುಣಾ ಐಎಎಸ್ ಬಿಟ್ಟವರು. ಶಂಕರ್ ಸಿಂಗ್ ಕೈಗೊಂಬೆ ಹಿಡಿದು ಊರೂರಿನಲ್ಲಿ ಜನರನ್ನು ನಗಿಸುತ್ತಲೇ ಲೆಕ್ಕ ಕೇಳಲು ಕಲಿಸಿದವರು. ಬರ ಪರಿಹಾರದ ಕಾಮಗಾರಿಗಳಲ್ಲಿ ದುಡಿದವರಿಗೆ ಕನಿಷ್ಠ ಕೂಲಿಯೂ ಪೂರ್ತಿ ಸಿಗುತ್ತಿರಲಿಲ್ಲ. ಕೇಳಿದರೆ, ‘ನೀವು ಅಳತೆಗೆ ತಕ್ಕಷ್ಟು ಕೆಲಸ ಮಾಡಿಲ್ಲ’ ಎಂಬ ಉತ್ತರ. ಹಾಗಾದರೆ ಅಳತೆ ಪುಸ್ತಕ, ಹಾಜರಿ ಮತ್ತು ಕೂಲಿಯ ಪಟ್ಟಿಯಾದ ಮಸ್ಟರ್ ರೋಲ್ ತೋರಿಸಿ ಎಂದರೆ, ಅವು ಸರ್ಕಾರಿ ದಾಖಲೆ, ಗೋಪ್ಯ. ಕಾಗದ ಕಾಣದೆ ವಾದ ಮುಂದುವರಿಯುವಂತಿರಲಿಲ್ಲ. ಬ್ರಿಟಿಷರು 1923ರಲ್ಲಿ ತಂದ ಅಧಿಕೃತ ರಹಸ್ಯಗಳ ಕಾಯ್ದೆಯ ನೆರಳು ಕೂಲಿಯವಳ ಹಾಜರಿಯ ಮೇಲೂ ಬಿದ್ದಿತ್ತು.

1990ರ ಮೇ 1ರಂದು ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಹುಟ್ಟಿತು. 1994ರ ಡಿಸೆಂಬರಿನಲ್ಲಿ ಕೋಟ್‌ಕಿರಾನಾ ಎಂಬಲ್ಲಿ ಮೊದಲ ಜನಸುನವಾಯಿ, ಅಂದರೆ ಸಾರ್ವಜನಿಕ ವಿಚಾರಣೆ, ನಡೆಯಿತು. ಹೇಗೋ ದೊರಕಿದ ದಾಖಲೆಗಳನ್ನು ಬಯಲಿನಲ್ಲಿ, ಎಲ್ಲರೆದುರು, ಗಟ್ಟಿಯಾಗಿ ಓದುವುದು, ನಡೆದದ್ದು ಇಷ್ಟೇ. ಕೆಲಸಕ್ಕೇ ಬಾರದವರ ಹೆಸರು ಬಂದಾಗ ಜನ ಎದ್ದು ನಿಂತು ‘ನಾನು ಹೋಗಿಲ್ಲ, ನನಗೆ ದುಡ್ಡು ಬಂದಿಲ್ಲ’ ಎಂದರು. ನನಗೆ ಮುಖ್ಯವೆನಿಸುವ ಕ್ಷಣ ಅದು. ಅವರಿಗೆ ಅದುವರೆಗೂ ಬಾಯಿ ಇತ್ತು, ಸಿಟ್ಟೂ ಇತ್ತು, ಸಂವಿಧಾನ ಕೊಟ್ಟ ಹಕ್ಕೂ ಇತ್ತು. ಆದರೆ ಯಾವುದನ್ನು ಅಲ್ಲಗಳೆಯಬೇಕೋ ಅದು ಕಚೇರಿಯ ಬೀರುವಿನಲ್ಲಿತ್ತು. 1996ರ ಏಪ್ರಿಲ್‌ನಲ್ಲಿ ಬ್ಯಾವರ್ ಪಟ್ಟಣದಲ್ಲಿ ಅವರು 40 ದಿನ ಧರಣಿ ಕುಳಿತರು. ‘ಹಮಾರಾ ಪೈಸಾ, ಹಮಾರಾ ಹಿಸಾಬ್’ (ನಮ್ಮ ದುಡ್ಡು, ನಮ್ಮ ಲೆಕ್ಕ) ಎಂಬ ಕೂಗು ದೆಹಲಿಗೆ ಮುಟ್ಟಿತು. ‘ಜನಸತ್ತಾ’ದ ಸ್ಥಾಪಕ ಸಂಪಾದಕ ಪ್ರಭಾಷ್ ಜೋಶಿಯಂಥವರು ಬೆಂಬಲಕ್ಕೆ ನಿಂತರು. ನ್ಯಾಯಮೂರ್ತಿ ಪಿ.ಬಿ. ಸಾವಂತ್ ಅಧ್ಯಕ್ಷರಾಗಿದ್ದಾಗ ಭಾರತೀಯ ಪತ್ರಿಕಾ ಮಂಡಳಿಯೇ ಮಾಹಿತಿ ಹಕ್ಕಿನ ಕರಡು ಮಸೂದೆ ಬರೆಯಿತು. ಕೂಲಿಯವರ ಬೇಡಿಕೆಗೆ ಪತ್ರಕರ್ತರ ಸಂಸ್ಥೆ ಕರಡು ಬರೆದದ್ದು ಆಕಸ್ಮಿಕವಲ್ಲ. ಇಬ್ಬರ ಕಸುಬಿಗೂ ಬೇಕಾದದ್ದು ಅದೇ ಕಾಗದ.

ಈ ನಂಟು ಹಳೆಯದು. 1766ರಲ್ಲಿ ಸ್ವೀಡನ್ ಪತ್ರಿಕಾ ಸ್ವಾತಂತ್ರ್ಯಕ್ಕೆ ಕಾನೂನು ಮಾಡಿದಾಗ, ಸರ್ಕಾರಿ ದಾಖಲೆಗಳನ್ನು ನೋಡಿ ಅಚ್ಚು ಹಾಕುವ ಹಕ್ಕನ್ನೂ ಅದರಲ್ಲೇ ಸೇರಿಸಿತು. ಅದಕ್ಕಾಗಿ ದುಡಿದವರು ಆಂಡರ್ಸ್ ಚುಡೇನಿಯಸ್ ಎಂಬ ಪಾದ್ರಿ. ನಮ್ಮಲ್ಲಿ ಈ ಎರಡು ಹಕ್ಕುಗಳು ಬೇರೆ ಬೇರೆ ಬಾಗಿಲಿನಿಂದ ಬಂದವು.

ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಪತ್ರಿಕಾ ಕಾಯ್ದೆ ಬಂದಾಗ ‘ತಾತಯ್ಯ’ ಎಂದೇ ಹೆಸರಾದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟಿಸಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ಗಣರಾಜ್ಯವಾದ ಮೊದಲ ವರ್ಷವೇ ಮದ್ರಾಸ್ ಸರ್ಕಾರ ರೊಮೇಶ್ ಥಾಪರ್ ಅವರ ‘ಕ್ರಾಸ್ ರೋಡ್ಸ್’ ಪತ್ರಿಕೆ ರಾಜ್ಯದೊಳಗೆ ಬಾರದಂತೆ ತಡೆಯಿತು. 1950ರಲ್ಲಿ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ರದ್ದು ಮಾಡಿತು. ಮರುವರ್ಷವೇ ಮೊದಲ ತಿದ್ದುಪಡಿ ಬಂತು. ‘ಸಾರ್ವಜನಿಕ ಸುವ್ಯವಸ್ಥೆ’ಯೂ ಸೇರಿದಂತೆ ಹೊಸ ನಿರ್ಬಂಧಗಳು, ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ 19(2)ರೊಳಗೆ ಕೂತವು. ಆ ತಿದ್ದುಪಡಿಯನ್ನು ಬೈಯುವವರು ಒಂದನ್ನು ಮರೆಯುತ್ತಾರೆ. ನಿರ್ಬಂಧ ‘ಸಮಂಜಸ’ವಾಗಿರಬೇಕು ಎಂಬ ಷರತ್ತು ಆ ಉಪವಿಧಿಗೆ ಸೇರಿದ್ದೂ ಆಗಲೇ. ಮುಂದೆ ನ್ಯಾಯಾಲಯಗಳು ಹಿಡಿದು ನಿಂತದ್ದು ಆ ಒಂದೇ ಹಿಡಿಕೆಯನ್ನು.

ತಿಳಿಯುವ ಹಕ್ಕಿನ ಮಾತು ಬಂದದ್ದು ಇನ್ನೂ ವಿಚಿತ್ರ ದಾರಿಯಲ್ಲಿ. ಇಂದಿರಾ ಗಾಂಧಿಯವರ ರಾಯ್‌ಬರೇಲಿ ಗೆಲುವನ್ನು ಪ್ರಶ್ನಿಸಿದ್ದ ರಾಜ್ ನಾರಾಯಣ್, ಪ್ರಧಾನಿಯ ಪ್ರವಾಸದ ಭದ್ರತಾ ನಿಯಮಗಳಿದ್ದ ‘ಬ್ಲೂ ಬುಕ್’ ಹಾಜರುಪಡಿಸಿ ಎಂದು ಕೇಳಿದರು. ಉತ್ತರ ಪ್ರದೇಶ ಸರ್ಕಾರ ಕೊಡಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಾಗ, 1975ರ ಜನವರಿಯಲ್ಲಿ, ನ್ಯಾಯಮೂರ್ತಿ ಕೆ.ಕೆ. ಮ್ಯಾಥ್ಯೂ ಅವರು ಸರ್ಕಾರದ ಸಾರ್ವಜನಿಕ ಕೆಲಸಗಳನ್ನು ತಿಳಿಯುವ ಹಕ್ಕು ಜನರಿಗಿದೆ, ಅದರ ಮೂಲ ವಾಕ್ ಸ್ವಾತಂತ್ರ್ಯದಲ್ಲೇ ಇದೆ ಎಂದರು. ಅದೇ ಚುನಾವಣಾ ತಕರಾರಿನಲ್ಲಿ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಆ ಗೆಲುವನ್ನು ರದ್ದುಪಡಿಸಿತು. 25ರ ರಾತ್ರಿ ತುರ್ತು ಪರಿಸ್ಥಿತಿ. ಬೆನ್ನಿಗೇ ಪತ್ರಿಕೆಗಳಿಗೆ ಸೆನ್ಸಾರ್. ತಿಳಿಯುವ ಹಕ್ಕು ಮೊದಲ ಬಾರಿಗೆ ಸ್ಪಷ್ಟವಾಗಿ ಉಚ್ಚರಿಸಲ್ಪಟ್ಟ ವರ್ಷವೇ ಬರೆಯುವ ಹಕ್ಕು ಕೈಬಿಟ್ಟುಹೋಯಿತು.

ಮಾಹಿತಿ ಹಕ್ಕು ಕಾಯ್ದೆಯ ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಕರ್ನಾಟಕ ತನ್ನದೇ ಮಾಹಿತಿ ಹಕ್ಕು ಕಾಯ್ದೆಯನ್ನು 2000ದಲ್ಲೇ ಮಾಡಿಕೊಂಡಿತ್ತು. ಕೇಂದ್ರದ 2002ರ ಕಾಯ್ದೆ ಜಾರಿಗೇ ಬರಲಿಲ್ಲ. 2005ರ ಅಕ್ಟೋಬರ್ 12ರಿಂದ ಈಗಿನ ಕಾಯ್ದೆ ಪೂರ್ಣವಾಗಿ ಜಾರಿಯಾಯಿತು. 10 ರೂಪಾಯಿ ಶುಲ್ಕ, 30 ದಿನದ ಗಡುವು, ಜೀವ ಮತ್ತು ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ, ತಡಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ. ಇದು ನಿಮಗೆಲ್ಲ ಗೊತ್ತಿರುವುದೇ.

ಗೊತ್ತಿದ್ದೂ ನಾವು ಬಳಸದೆ ಬಿಟ್ಟದ್ದು ಸೆಕ್ಷನ್ 4. ನಮ್ಮ ಕಚೇರಿಗಳಲ್ಲಿ ‘4(1)(ಎ), 4(1)(ಬಿ)’ ಎಂದು ಬಾಯಿಪಾಠದಂತೆ ಹೇಳುತ್ತಾರಲ್ಲ, ಅದು. ಕಡತಗಳನ್ನು ಪಟ್ಟಿ ಮಾಡಿ ಸೂಚಿಯೊಂದಿಗೆ ಇಡಬೇಕು. ಕಚೇರಿಯ ಅಧಿಕಾರ, ಬಜೆಟ್, ಸಹಾಯಧನ ಪಡೆದವರ ವಿವರ ಮುಂತಾದ 17 ಬಗೆಯ ಮಾಹಿತಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದೂ ಕಾಯ್ದೆ ಬಂದ 120 ದಿನದೊಳಗೆ. ಅಂದರೆ ಅರ್ಜಿ ಹಾಕುವ ಪ್ರಸಂಗವೇ ಅಪರೂಪವಾಗಬೇಕು ಎಂಬುದು ಶಾಸನದ ಆಸೆಯಾಗಿತ್ತು. ಆದದ್ದು ತಿರುವುಮುರುವು. ಎಷ್ಟೋ ಕಡೆ 4(1)(ಬಿ) ಎಂದರೆ ವರ್ಷಗಳ ಹಿಂದೆ ಟೈಪ್ ಮಾಡಿಸಿ, ವರ್ಗವಾಗಿ ಹೋದ ಅಧಿಕಾರಿಯ ಹೆಸರನ್ನೇ ಹೊತ್ತು ಕುಳಿತ ಒಂದು ಕಡತ. ರಾಜ್ಯದ ‘ಮಾಹಿತಿ ಕಣಜ’ ಜಾಲತಾಣ ಈ ಕೊರತೆ ತುಂಬಲು ಹೊರಟ ಒಳ್ಳೆಯ ಪ್ರಯತ್ನ, ಅದನ್ನು ನಾನು ಹಗುರಾಗಿ ಕಾಣುವುದಿಲ್ಲ. ಆದರೂ ಪಂಚಾಯಿತಿ ಗೋಡೆಯ ಮೇಲೆ ಇರಬೇಕಾದ ಅಂಕಿಗೆ ಜನ ಪೋಸ್ಟಲ್ ಆರ್ಡರ್ ಲಗತ್ತಿಸಿ ಅರ್ಜಿ ಬರೆಯುತ್ತಲೇ ಇದ್ದಾರೆ. ‘ಕಡತ ಲಭ್ಯವಿಲ್ಲ’ ಎಂಬ ಹಿಂಬರಹ ಪಡೆದು ಮೇಲ್ಮನವಿಗೆ ಓಡಾಡುತ್ತಲೇ ಇದ್ದಾರೆ.

ಇದರಿಂದ ಇನ್ನೊಂದು ಅಪಾಯ ಹುಟ್ಟಿತು. ಅರ್ಜಿ ಎಂದ ಮೇಲೆ ಅದಕ್ಕೊಂದು ಹೆಸರು, ವಿಳಾಸ ಇರಲೇಬೇಕು. ಕೇಳಿದವನು ಯಾರು ಎಂಬುದು ಮರುದಿನವೇ ಗುತ್ತಿಗೆದಾರನಿಗೆ ಗೊತ್ತಾಗಿರುತ್ತದೆ. ಮಾಹಿತಿ ಕೇಳಿದ್ದಕ್ಕೆ ಪ್ರಾಣ ತೆತ್ತವರು ಹಲವು ರಾಜ್ಯಗಳಲ್ಲಿದ್ದಾರೆ, ನಮ್ಮಲ್ಲೂ ಇದ್ದಾರೆ. ಅಕ್ರಮ ಬಯಲು ಮಾಡುವವರ ರಕ್ಷಣೆಯ ಕಾಯ್ದೆಗೆ 2014ರಲ್ಲೇ ರಾಷ್ಟ್ರಪತಿಗಳ ಅಂಕಿತ ಬಿದ್ದರೂ ಅದನ್ನು ಜಾರಿಗೆ ತಂದಿಲ್ಲ. ‘ಆರ್‌ಟಿಐ ಹೆಸರಲ್ಲಿ ವಸೂಲಿ ಮಾಡುತ್ತಾರೆ’ ಎಂಬ ಅಧಿಕಾರಿಗಳ ದೂರನ್ನು ನಾನು ಸುಳ್ಳೆನ್ನುವುದಿಲ್ಲ, ಅಂಥವರಿದ್ದಾರೆ. ಆದರೆ ಗೋಡೆಯ ಮೇಲೆ ಎಲ್ಲರಿಗೂ ಕಾಣುವ ಲೆಕ್ಕವನ್ನು ಇಟ್ಟುಕೊಂಡು ಯಾರನ್ನು ಹೆದರಿಸಲಾದೀತು? ವಸೂಲಿಗಾರನ ಬಂಡವಾಳವೇ ಮುಚ್ಚಿಟ್ಟ ಕಡತ.

ನಿಷೇಧ ಕಣ್ಣಿಗೆ ಕಾಣುತ್ತದೆ, ಅದಕ್ಕೊಂದು ಆದೇಶವಿರುತ್ತದೆ, ಕೋರ್ಟಿಗೆ ಹೋಗಬಹುದು. ಆನ್‌ಲೈನ್ ಮಾತಿಗೆ ಶಿಕ್ಷೆ ವಿಧಿಸುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ನು 2015ರಲ್ಲಿ ಹಾಗೆಯೇ ಬಿದ್ದುಹೋಯಿತು. ಸರ್ಕಾರದ ಮೌನದ ವಿರುದ್ಧ ಹೋರಾಡುವುದು ಕಷ್ಟ. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಪ್ರಕರಣದಲ್ಲಿ ನ್ಯಾಯಾಲಯದ ಮುಂದೆ ಆದೇಶಗಳ ಪ್ರತಿಗಳೇ ಪೂರ್ತಿ ಬಂದಿರಲಿಲ್ಲ. ಇಂಥ ಆದೇಶಗಳನ್ನು ಪ್ರಕಟಿಸಲೇಬೇಕು ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಪಕ್ಷಗಳಿಗೆ ದೇಣಿಗೆ ಕೊಟ್ಟವರ ಹೆಸರು ಮುಚ್ಚಿಡುತ್ತಿದ್ದ ಚುನಾವಣಾ ಬಾಂಡ್‌ಗಳದ್ದೂ ಇದೇ ಜಾತಿಯ ಕಥೆ. 2018ರಿಂದ ನಡೆದ ಆ ಯೋಜನೆಯನ್ನು 2024ರ ಫೆಬ್ರವರಿ 15ರಂದು ಐವರು ನ್ಯಾಯಮೂರ್ತಿಗಳ ಪೀಠ ರದ್ದುಪಡಿಸಿತು. ಆಧಾರವಾಗಿ ನಿಂತದ್ದು ಮತದಾರನ ತಿಳಿಯುವ ಹಕ್ಕು, ಅಂದರೆ ಮತ್ತೆ 19(1)(ಎ). ವಿವರ ಕೊಡಲು ಬಾಂಡ್ ಮಾರಿದ ಬ್ಯಾಂಕು ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ಕೋರ್ಟ್ ಒಪ್ಪದೆ ಮರುದಿನವೇ ಕೊಡಿ ಎಂದಿತು. ಮಾರ್ಚ್ 14ಕ್ಕೆ ಪಟ್ಟಿ ಎಲ್ಲರ ಮೊಬೈಲ್‌ನಲ್ಲಿತ್ತು. ಮೂರೂವರೆ ತಿಂಗಳು ಬೇಕೆಂದದ್ದು ಮೂರು ದಿನದಲ್ಲಿ ಆದದ್ದನ್ನು ನೋಡಿ ನಾನಂತೂ ನಕ್ಕೆ.

ಈಗ ಮಸ್ಟರ್ ರೋಲ್‌ಗೆ ಬರುತ್ತೇನೆ. ಅದರಲ್ಲಿ ಏನಿರುತ್ತದೆ? ಹೆಸರು, ಕೆಲಸ ಮಾಡಿದ ದಿನ, ಕೊಟ್ಟ ಕೂಲಿ, ಹೆಬ್ಬೆಟ್ಟು ಅಥವಾ ಸಹಿ. ಎಲ್ಲವೂ ವೈಯಕ್ತಿಕ ವಿವರವೇ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 8(1)(ಜೆ) ಮೊದಲು ಹೇಳುತ್ತಿದ್ದದ್ದು ಹೀಗೆ: ಸಾರ್ವಜನಿಕ ಚಟುವಟಿಕೆಗೆ ಸಂಬಂಧಪಡದ, ಅಥವಾ ವ್ಯಕ್ತಿಯ ಖಾಸಗಿತನಕ್ಕೆ ಅನಗತ್ಯವಾಗಿ ಕೈಹಾಕುವ ವೈಯಕ್ತಿಕ ಮಾಹಿತಿಯನ್ನು, ವಿಶಾಲ ಸಾರ್ವಜನಿಕ ಹಿತ ಇಲ್ಲದಿದ್ದರೆ, ಕೊಡಬೇಕಿಲ್ಲ. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅದಕ್ಕೆ ಹೊಂದಿಕೊಂಡಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದನ್ನೆಲ್ಲ ತೆಗೆದು, ವೈಯಕ್ತಿಕ ಮಾಹಿತಿ ಎಂದರೆ ಸಾಕು, ವಿನಾಯಿತಿ ಎಂದಿತು. 2025ರ ನವೆಂಬರ್‌ನಲ್ಲಿ ಆ ಬದಲಾವಣೆ ಜಾರಿಗೂ ಬಂತು. ಖಾಸಗಿತನ ದೊಡ್ಡ ಹಕ್ಕು, 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಎತ್ತಿಹಿಡಿದ ಹಕ್ಕು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಹೆಮ್ಮೆ. ಆದರೆ ಸರ್ಕಾರದ ಎದುರು ಪ್ರಜೆಯನ್ನು ಕಾಯಬೇಕಾದ ಹಕ್ಕನ್ನು ಪ್ರಜೆಯ ಎದುರು ಕಡತವನ್ನು ಕಾಯಲು ನಿಲ್ಲಿಸುವುದನ್ನು ಒಪ್ಪಲಾರೆ.

ಸೆಕ್ಷನ್ 8(2) ಉಳಿದಿದೆಯಲ್ಲ, ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದಲ್ಲ ಎನ್ನುವವರಿದ್ದಾರೆ. ಉಳಿದಿದೆ, ನಿಜ. ಸೆಕ್ಷನ್ 6(2) ಕೂಡ ಉಳಿದಿದೆ. ಅದರ ಪ್ರಕಾರ ಅರ್ಜಿದಾರ ಯಾಕೆ ಕೇಳುತ್ತಿದ್ದೇನೆ ಎಂದು ಹೇಳಬೇಕಿಲ್ಲ. ಕಾರಣ ಹೇಳಬೇಕಿಲ್ಲದ ಆತ ಇನ್ನು ಮುಂದೆ, ಪಕ್ಕದ ಕೇರಿಯವರ ಹೆಸರಿಗೆ ಬಿದ್ದ ಕೂಲಿ ಯಾರ ಜೇಬು ಸೇರಿತು ಎಂದು ತಿಳಿಯಬೇಕಾದರೆ, ಅದರಲ್ಲಿ ಸಾರ್ವಜನಿಕ ಹಿತ ಏನು ಎಂಬುದನ್ನು ಅಧಿಕಾರಿಗೆ ಮನವರಿಕೆ ಮಾಡಿಕೊಡಬೇಕು. ನಮ್ಮ ರಾಜ್ಯದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಪ್ರಶ್ನೆ, ಕಾರಣ, ವಾದ ಮೂರೂ ಅಷ್ಟರಲ್ಲೇ ಹಿಡಿಸಬೇಕು. ಈ ಸಭೆಯಲ್ಲಿ ವಕೀಲರು, ಮೇಷ್ಟ್ರುಗಳು ಬಹಳ ಮಂದಿ ಇದ್ದೀರಿ. ಅಂಥ ಒಂದು ಅರ್ಜಿಯನ್ನು ಬರೆದು ನೋಡಿ. ಆಮೇಲೆ ಚರ್ಚೆಗೆ ಕೂರೋಣ.