ಮನೆ ಕಟ್ಟಿದ್ದಾಯಿತು, ಬಾಡಿಗೆ ಎಷ್ಟು?

(ಗುಂಡ್ಲುಪೇಟೆಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)



ನಮ್ಮ ಜಮಾಅತ್ ಕಟ್ಟಿಸಿದ ಆರು ಮನೆಗಳಿಗೆ ಸುಣ್ಣಬಣ್ಣ ಮುಗಿದಿದೆ, ಕರೆಂಟ್ ಮೀಟರ್ ಬಂದಿದೆ. ಬಾಡಿಗೆ ಮಾತ್ರ ತೀರ್ಮಾನವಾಗಿಲ್ಲ. ಕಳೆದ ವಾರ ಕಮಿಟಿಯಲ್ಲಿ ಇದೇ ವಿಷಯಕ್ಕೆ ಮಾತು ಬಿರುಸಾಯಿತು. ಪಕ್ಕದ ಬೀದಿಯಲ್ಲಿ ಇಂಥ ಮನೆಗೆ 4,000 ರೂಪಾಯಿ ಇದೆ, ನಾವೂ ಅಷ್ಟೇ ಇಡೋಣ, ಮಸೀದಿಗೆ ಆದಾಯವಾಗಲಿ ಎಂದರು ಕೆಲವರು. ಬಡವರಿಗೆಂದೇ ಕಟ್ಟಿದ್ದು, ಬಾಡಿಗೆಯೇ ಬೇಡ ಎಂದರು ಇನ್ನು ಕೆಲವರು. ಇಬ್ಬರ ನಿಯ್ಯತ್ತೂ ಒಳ್ಳೆಯದೇ.

ಒಬ್ಬ ಸಹೋದರರು ಹದೀಸನ್ನೂ ಮುಂದಿಟ್ಟರು. ಮದೀನಾದಲ್ಲಿ ಬೆಲೆ ಏರಿದಾಗ, ದರ ನಿಗದಿ ಮಾಡಿಕೊಡಿ ಎಂದು ಜನರು ಪ್ರವಾದಿಯವರನ್ನು(ಸ) ಕೇಳಿಕೊಂಡರು, ಅವರು ಒಪ್ಪಲಿಲ್ಲ. ಬೆಲೆ ಅಲ್ಲಾಹನ ಕೈಯಲ್ಲಿದೆ, ಯಾರ ಸೊತ್ತಿಗೂ ಅನ್ಯಾಯ ಮಾಡಿದ ಹೊರೆಯೊಡನೆ ಅವನ ಮುಂದೆ ನಿಲ್ಲಲು ತಾನು ಬಯಸುವುದಿಲ್ಲ ಎಂಬುದು ಅವರ ಮಾತಿನ ಅರ್ಥ. ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿ ಇದು ಬಂದಿದೆ. ಆದರೆ ಅಲ್ಲಿ ವಿಷಯ ಇನ್ನೊಬ್ಬರ ಸರಕಿನದು. ತನ್ನ ಸರಕನ್ನು ಅಗ್ಗವಾಗಿ ಕೊಡಬೇಡ ಎಂದು ಆ ಹದೀಸ್ ಯಾರಿಗೂ ಹೇಳುವುದಿಲ್ಲ.

ಕಷ್ಟ ಇರುವುದು ಬೇರೆ ಕಡೆ. ವಕ್ಫ್ ಆಸ್ತಿ ನಮ್ಮ ಸ್ವಂತದ್ದಲ್ಲ. ಊರಿನಲ್ಲಿ ನಡೆಯುವ ಬಾಡಿಗೆಗಿಂತ ತೀರಾ ಕಡಿಮೆಗೆ ಅದನ್ನು ಕೊಡುವ ಅಧಿಕಾರ ಮುತವಲ್ಲಿಗೆ ಇಲ್ಲ ಎನ್ನುತ್ತದೆ ನಮ್ಮ ಹನಫಿ ಫಿಕ್ಹ್. ಇದು ಸರಿಯಾದ ನಿಯಮ. ಎಷ್ಟೋ ಊರುಗಳಲ್ಲಿ ವಕ್ಫ್ ಅಂಗಡಿಗಳು ತಾತನ ಕಾಲದ ಬಾಡಿಗೆಗೆ, ಅದೂ ಉಳ್ಳವರ ಕೈಯಲ್ಲೇ ಇವೆ. ಅದನ್ನು ರಿಯಾಯಿತಿ ಎನ್ನಬೇಡಿ, ಅದು ಖಿಯಾನತ್.

ಆದರೆ ವಕ್ಫ್ ಮಾಡಿದವರ ಷರತ್ತನ್ನು ಪಾಲಿಸಲೇಬೇಕೆಂದೂ ಅದೇ ಫಿಕ್ಹ್ ಹೇಳುತ್ತದೆ. ಹಜ್ರತ್ ಉಮರ್(ರ) ಖೈಬರಿನ ಜಮೀನನ್ನು ವಕ್ಫ್ ಮಾಡಿದಾಗ ಫಲ ಯಾರಿಗೆ ಸೇರಬೇಕೆಂದು ಮೊದಲೇ ಹೇಳಿಬಿಟ್ಟರು. ಹಜ್ರತ್ ಝುಬೈರ್(ರ) ತಮ್ಮ ಮನೆಗಳನ್ನೇ ವಕ್ಫ್ ಮಾಡಿದರು. ಗಂಡನ ಮನೆಯಿಂದ ಮರಳಿ ಬಂದ ಮಗಳು ಅಲ್ಲಿ ಇರಬಹುದು, ಅವಳಿಂದ ಮನೆಗೂ ಕೇಡಾಗಬಾರದು, ಅವಳಿಗೂ ಕಾಟವಾಗಬಾರದು, ಮರುಮದುವೆಯಾದರೆ ಆ ಹಕ್ಕು ಇಲ್ಲ ಎಂದು ಷರತ್ತು ಹಾಕಿದರು. ಬುಖಾರಿಯಲ್ಲಿ ಈ ಉಲ್ಲೇಖವಿದೆ. ರಂಜಾನಿನಲ್ಲಿ ನಾವು ಚಂದಾ ಎತ್ತಿದ್ದು ಬಡವರ ವಾಸಕ್ಕೆಂದು. ರಸೀದಿಯಲ್ಲೂ ಹಾಗೇ ಬರೆದಿದೆ. ಮೊದಲ ಬಾಡಿಗೆದಾರರು ಬರುವ ಮುನ್ನ ಅದೇ ಷರತ್ತು ವಕ್ಫ್ ಪತ್ರದಲ್ಲಿ ಬರಬೇಕು. ಹಾಗಾದರೆ ಕಡಿಮೆ ಬಾಡಿಗೆ ಕಮಿಟಿಯ ಔದಾರ್ಯವಾಗುವುದಿಲ್ಲ, ಬಡವರ ಹಕ್ಕಾಗುತ್ತದೆ. ನಾಳೆ ಬರುವ ಕಮಿಟಿ ಅದನ್ನು ಬದಲಿಸಲಾಗದು.

ಸರ್ಕಾರದ ಮನೆಗಳಿಂದಲೂ ಕಲಿಯುವುದಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳಿಗೆ ಫಲಾನುಭವಿಯ ಪಾಲು ನಾಲ್ಕು ಲಕ್ಷ ದಾಟಿತ್ತು. ಕೂಲಿಯವರಿಗೆ ಅಷ್ಟು ಕಟ್ಟಲಾಗದೆ ಮನೆಗಳು ಅರ್ಧಕ್ಕೆ ನಿಂತವು. 1 ಲಕ್ಷ ಕೊಟ್ಟರೆ ಸಾಕು ಎಂದು ರಾಜ್ಯ ಸರ್ಕಾರ ಉಳಿದದ್ದನ್ನು ತಾನೇ ಹೊತ್ತ ಮೇಲೆ, 2024ರ ಮಾರ್ಚ್‌ನಲ್ಲಿ 36,789 ಮನೆಗಳು ಹಂಚಿಕೆಯಾದವು. ಬಾಡಿಗೆಯ ವಿಷಯದಲ್ಲಿ, ಲಾಕ್‌ಡೌನಿನ ನಂತರ 2020ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಲಸೆ ಕಾರ್ಮಿಕರಿಗೆಂದು ಬಾಡಿಗೆ ಮನೆಗಳ ಯೋಜನೆ ತಂದಿತು. ಅದರಲ್ಲಿ ಎರಡು ವರ್ಷಕ್ಕೊಮ್ಮೆ ಶೇ. 8, ಐದು ವರ್ಷದಲ್ಲಿ ಒಟ್ಟು ಶೇ. 20 ಮೀರಿ ಬಾಡಿಗೆ ಏರಿಸುವಂತಿಲ್ಲ. ಈ ಮಿತಿಯನ್ನು ನಾವೂ ಇಟ್ಟುಕೊಳ್ಳಬಹುದು.

ಹಾಗಾದರೆ ಮೊದಲ ಬಾಡಿಗೆ ಎಷ್ಟಿರಬೇಕು? ಲೆಕ್ಕ ಪಕ್ಕದ ಬೀದಿಯಿಂದ ಶುರುವಾಗಬಾರದು, ಬಾಡಿಗೆ ಕೊಡುವವರ ಕೈಯಿಂದ ಶುರುವಾಗಬೇಕು. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಚೆಂಡು ಹೂ ಕೊಯ್ಯುವವರು, ಮಾರ್ಕೆಟ್‌ನಲ್ಲಿ ಕೇರಳದ ಲಾರಿಗಳಿಗೆ ತರಕಾರಿ ತುಂಬುವವರು. ಹೂವಿನ ಕಾಲದಲ್ಲಿ ತಿಂಗಳಿಗೆ 8,000 ದುಡಿಯುವ ಮನೆ ಬೇಸಿಗೆಯಲ್ಲಿ ಅದರ ಅರ್ಧಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. 4,000 ಬಾಡಿಗೆ ಇಟ್ಟರೆ ಬೇಸಿಗೆಯಲ್ಲಿ ಒಲೆ ಹೊತ್ತುವುದು ಹೇಗೆ? ಆದರೆ ಬಾಡಿಗೆಯೇ ಇಲ್ಲದಿದ್ದರೆ ಕಂದಾಯ, ನೀರಿನ ಬಿಲ್, ಮಳೆಗಾಲದ ಸೋರಿಕೆ ಇವಕ್ಕೆ ಹಣ ಎಲ್ಲಿಂದ? ಮನೆಯೊಂದಕ್ಕೆ ತಿಂಗಳಿಗೆ 1,000 ಬೇಕೇ ಬೇಕು ಎನ್ನುತ್ತಾರೆ ಖಜಾಂಚಿ ಸಾಹೇಬರು. ನಮ್ಮ ಸಲಹೆ: ವರ್ಷಕ್ಕೆ 18,000. ಕೆಲಸವಿರುವ ಆರು ತಿಂಗಳು 2,000ದಂತೆ, ಉಳಿದ ಆರು ತಿಂಗಳು 1,000ದಂತೆ. ಅಡ್ವಾನ್ಸ್ ಎರಡು ತಿಂಗಳದ್ದು ಸಾಕು.

ಅಷ್ಟೂ ಆಗದ ತಿಂಗಳು ಬಂದರೆ? ಇಕ್ಕಟ್ಟಿನಲ್ಲಿರುವ ಸಾಲಗಾರನಿಗೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಅಲ್-ಬಖರ ಅಧ್ಯಾಯದ 280ನೆಯ ಆಯತ್ ಕಲಿಸುತ್ತದೆ. ಸಾಮಾನು ಬೀದಿಗೆ ಎಸೆಯುವ ಮಾತೇ ಬರಬಾರದು. ಝಕಾತಿನಿಂದ ನೆರವಾಗಬಹುದು, ಆದರೆ ಇಲ್ಲಿ ಹಲವರು ಎಡವುತ್ತಾರೆ. ಝಕಾತ್ ಹಣದಲ್ಲಿ ಕಟ್ಟಡ ಕಟ್ಟುವಂತಿಲ್ಲ, ಬಾಕಿಗೆ ವಜಾ ಹಾಕಿ ಝಕಾತ್ ಸಂದಿತು ಎಂದು ಬರೆಯುವಂತೆಯೂ ಇಲ್ಲ. ಹಣ ಅರ್ಹರ ಕೈಗೇ ಸೇರಿ ಅವರದ್ದಾಗಬೇಕು. ಬಾಡಿಗೆ ಕಟ್ಟುವುದೋ, ಮೊದಲು ಮಗುವಿನ ಔಷಧಿ ತರುವುದೋ ಅವರಿಗೆ ಬಿಟ್ಟದ್ದು.

ಆರು ಮನೆಗಳಿಗೆ ಹದಿನಾಲ್ಕು ಅರ್ಜಿ ಬಂದಿವೆ. ಕಮಿಟಿಯವರ ನೆಂಟರ ಅರ್ಜಿಗಳೂ ಇವೆ, ಅವನ್ನು ನೋಡುವಾಗ ಆ ಸದಸ್ಯರು ಎದ್ದು ಹೊರಗೆ ಹೋಗಲಿ. ಭಾನುವಾರ ಅಸರ್ ನಮಾಜಿನ ನಂತರ ಸಭೆ. ಬರುವ ಮುಂಚೆ ಮನೆಯಲ್ಲಿ ಹೆಂಗಸರನ್ನು ಒಂದು ಮಾತು ಕೇಳಿಕೊಂಡು ಬನ್ನಿ; ತಿಂಗಳ ಖರ್ಚು ಎಷ್ಟೆಂದು ಗೊತ್ತಿರುವುದು ಅವರಿಗೆ.