ಹುಳಿ, ಸುಣ್ಣ, ಚಿನ್ನ

(ಕಲಿಕಾ ಕೇಂದ್ರದ ಸೋದರಿಯರ ಕೂಟದಲ್ಲಿ ಆಡಿದ ಮಾತು)



ಇವತ್ತು ರಸಾಯನ ಶಾಸ್ತ್ರದ ಮಾತು ಅಂದ ಕೂಡಲೇ ಕೆಲವರು ನಕ್ಕಿರಿ. "ಅದು ಕಾಲೇಜಿನವರಿಗೆ, ನಮಗ್ಯಾಕೆ?" ಅಂದಿರಿ. ಆದರೆ ಆ ಕೆಲಸವನ್ನು ದಿನಾ ಮಾಡುವವರು ನೀವೇ.

ಆರತಿ ನೀರು ಹೇಗೆ ಮಾಡ್ತೀರಿ? ನೀರಿಗೆ ಅರಿಸಿನ ಹಾಕ್ತೀರಿ. ಚೂರು ಸುಣ್ಣ ಕದಡ್ತೀರಿ. ಹಳದಿ ನೀರು ಕೆಂಪಾಗುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿ ನೋಡಿ. ಕೆಂಪು ಹೋಗಿ ಮತ್ತೆ ಹಳದಿ ಬರುತ್ತದೆ.

ನಿಂಬೆ, ಹುಣಸೆ, ಮಜ್ಜಿಗೆ, ಇವು ಹುಳಿ ಜಾತಿ. ಪುಸ್ತಕದಲ್ಲಿ ಇದಕ್ಕೆ ಆಮ್ಲ ಅಂತಾರೆ. ಸುಣ್ಣ, ಅಡುಗೆ ಸೋಡಾ, ಬಟ್ಟೆ ಸೋಪು ಇನ್ನೊಂದು ಜಾತಿ. ಇದಕ್ಕೆ ಕ್ಷಾರ ಅಂತಾರೆ. ಒಂದರ ಗುಣವನ್ನು ಇನ್ನೊಂದು ಕಳೆಯುತ್ತದೆ.

ಒಂದು ವಸ್ತು ಇನ್ನೊಂದನ್ನು ಸೇರಿದಾಗ ಬಣ್ಣ ಬದಲಾಗಬಹುದು. ಬಿಸಿ ಏಳಬಹುದು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುವುದು ಕಂಡಿದ್ದೀರಲ್ಲ? ಕೆಲವು ಸಲ ವಿಷಗಾಳಿಯೂ ಏಳುತ್ತದೆ. ಯಾವುದಕ್ಕೆ ಯಾವುದು ಸೇರಿದರೆ ಏನಾಗುತ್ತದೆ ಅಂತ ತಿಳಿಯುವುದೇ ರಸಾಯನ ಶಾಸ್ತ್ರ.

ನಮ್ಮ ಕೋಲಾರದ ಚಿನ್ನದ ಗಣಿ ನಡೆದದ್ದೂ ಇದೇ ತಿಳಿವಳಿಕೆಯಿಂದ.

ಗಣಿಯಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಸಿಗುತ್ತಿತ್ತು ಅಂತ ಹೊರಗಿನವರು ತಿಳಿದಿದ್ದಾರೆ. ಹಾಗಲ್ಲ. ಕಲ್ಲಿನೊಳಗೆ ಸಣ್ಣ ಸಣ್ಣ ಕಣಗಳಾಗಿ ಇರುತ್ತಿತ್ತು. ಕೊನೆಯ ವರ್ಷಗಳಲ್ಲಿ ಸಾವಿರ ಕಿಲೋ ಕಲ್ಲು ಅರೆದರೆ ಮೂರು ನಾಲ್ಕು ಗ್ರಾಂ ಚಿನ್ನ. ಅದನ್ನು ಆರಿಸುವುದು ಹೇಗೆ?

ಚಿನ್ನ ಸುಲಭವಾಗಿ ಯಾವುದನ್ನೂ ಸೇರಲ್ಲ. ಅದಕ್ಕೇ ತಾಳಿಗೆ ತುಕ್ಕು ಹಿಡಿಯಲ್ಲ. ಆದರೆ ಸೈನೈಡ್ ಕದಡಿದ ನೀರಿಗೆ ಗಾಳಿ ಸೇರಿದರೆ ಚಿನ್ನವೂ ಕರಗುತ್ತದೆ. ಈ ವಿಧಾನಕ್ಕೆ 1887ರಲ್ಲಿ ಸ್ಕಾಟ್ಲೆಂಡಿನ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಹಕ್ಕು ಪಡೆದರು. ಆಮೇಲೆ ನಮ್ಮ ಗಣಿಗೂ ಬಂತು.

ಕಲ್ಲನ್ನು ಹಿಟ್ಟಿನಂತೆ ಅರೆದು ಸೈನೈಡ್ ನೀರಿನಲ್ಲಿ ನೆನೆಸುತ್ತಿದ್ದರು. ಚಿನ್ನ ನೀರಿಗೆ ಇಳಿಯುತ್ತಿತ್ತು. ಆ ನೀರಿಗೆ ಸತು ಹಾಕಿದರೆ ಚಿನ್ನ ಹೊರಗೆ ಬರುತ್ತಿತ್ತು. ನಿಮ್ಮ ಮನೆಯ ತಗಡಿನ ಬಕೆಟ್ಟಿನ ಮೇಲಿರುವುದೂ ಅದೇ ಸತು.

ಸೈನೈಡ್ ಘೋರ ವಿಷ. ಅದಕ್ಕೆ ಹುಳಿ ಸೇರಿದರೆ ಪ್ರಾಣ ತೆಗೆಯುವ ಗಾಳಿ ಏಳುತ್ತದೆ. ಅದು ಏಳಬಾರದು ಅಂತ ಈ ಕೆಲಸದಲ್ಲಿ ಏನು ಹಾಕ್ತಾರೆ ಗೊತ್ತಾ? ಸುಣ್ಣ! ನಿಮ್ಮ ಎಲೆ ಅಡಿಕೆ ಚೀಲದ ಅದೇ ಸುಣ್ಣ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಅರೆದ ಹಿಟ್ಟು ಇಲ್ಲೇ ಉಳಿಯಿತು. ಮೂರು ಕೋಟಿ ಟನ್ನಿಗೂ ಹೆಚ್ಚು. ಅದೇ ನಮ್ಮ ಸೈನೈಡ್ ದಿಬ್ಬಗಳು. ಬಿಸಿಲು, ಗಾಳಿಗೆ ಅದರ ಸೈನೈಡ್ ಬಹುಪಾಲು ವರ್ಷಗಳಲ್ಲಿ ಕಳೆದುಹೋಗುತ್ತದೆ. ಆದರೆ ಕಲ್ಲಿನ ನುಣ್ಣನೆ ದೂಳು ಕಳೆಯಲ್ಲ. ಅದರಲ್ಲಿ ಸಿಲಿಕಾ ಇದೆ. ಅದು ಶ್ವಾಸಕೋಶಕ್ಕೆ ಹೊಕ್ಕರೆ ಪೂರ್ತಿ ಹೊರಗೆ ಬರಲ್ಲ. ಗಣಿಯಲ್ಲಿ ದುಡಿದವರಿಗೆ ಬರುವ ಸಿಲಿಕೋಸಿಸ್ ಕಾಯಿಲೆಗೆ ಇದೇ ಕಾರಣ. ಈ ಕಾಯಿಲೆ ಇದ್ದವರಿಗೆ ಕ್ಷಯ ಬೇಗ ಹತ್ತುತ್ತದೆ.

ಅದಕ್ಕೇ ಆಷಾಢದ ಗಾಳಿ ಬೀಸುವಾಗ ನೀರು, ಅನ್ನ ಮುಚ್ಚಿಡಿ. ಒಣ ಕಸಬರಿಕೆಯಿಂದ ದೂಳು ಎಬ್ಬಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ದಿಬ್ಬದ ಮರಳನ್ನು ಪಾತ್ರೆ ಉಜ್ಜಲು ತರಬೇಡಿ. ಮಕ್ಕಳನ್ನು ಅಲ್ಲಿ ಆಡಲು ಬಿಡಬೇಡಿ. ಎರಡು ವಾರಕ್ಕೂ ಮೀರಿ ಕೆಮ್ಮು ಇದ್ದರೆ ಡಾಕ್ಟರಿಗೆ ತೋರಿಸಿ. ಗಣಿಯಲ್ಲಿ ದುಡಿದಿದ್ದರೆ ಅದನ್ನೂ ಹೇಳಿ.

ಈಗ ಮನೆಯೊಳಗಿನ ಮಾತು. ಬಂಗಾರಪೇಟೆಯಲ್ಲಿ ನಮ್ಮ ಬೀದಿಯ ಒಬ್ಬ ಅಕ್ಕ ಪಾಯಿಖಾನೆ ತೊಳೆಯಲು ಆಸಿಡ್ ಸುರಿದರು. ಇನ್ನೂ ಬೆಳ್ಳಗಾಗಲಿ ಅಂತ ಮೇಲೆ ಬ್ಲೀಚಿಂಗ್ ಪುಡಿ ಹಾಕಿದರು. ಒಂದೇ ಕ್ಷಣ! ಕಣ್ಣು ಉರಿ, ಕೆಮ್ಮು, ಉಸಿರೇ ಇಲ್ಲ. ಬಾಗಿಲು ತೆಗೆದು ಹೊರಗೆ ಓಡಿ ಬಂದದ್ದಕ್ಕೆ ಬದುಕಿದರು. ಅಲ್ಲಿ ಎದ್ದದ್ದು ಕ್ಲೋರಿನ್ ಅನ್ನುವ ವಿಷಗಾಳಿ. ಆಸಿಡ್ ಬೇರೆ ಇದ್ದಾಗಲೂ ಜೋಕೆ ಬೇಕು. ಎರಡೂ ಸೇರಿದರೆ ಪ್ರಾಣಕ್ಕೇ ಅಪಾಯ.

ನಿಮ್ಮಲ್ಲಿ ಹಲವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ಹೋಗ್ತೀರಿ. ಆಫೀಸು, ಮಹಡಿ ಮನೆ ತೊಳೀತೀರಿ. "ಎರಡೂ ಹಾಕಿ ತೊಳಿ" ಅಂತ ಯಾರೇ ಹೇಳಲಿ, "ಆಗಲ್ಲ" ಅನ್ನಿ. ಕಾರಣವನ್ನೂ ಹೇಳಿ. ಈಗ ಅದು ನಿಮಗೆ ಗೊತ್ತಿದೆ.

ಆಸಿಡ್ ಮೈಮೇಲೆ ಬಿದ್ದರೆ? ಹುಳಿಗೆ ಸುಣ್ಣ ಮದ್ದು ಅಂತ ಸುಣ್ಣ ಹಚ್ಚಬೇಡಿ. ಬಿಸಿ ಎದ್ದು ಇನ್ನೂ ಸುಡುತ್ತದೆ. ನೆನೆದ ಬಟ್ಟೆ ತೆಗೆದು ಇಪ್ಪತ್ತು ನಿಮಿಷ ನೀರು ಹರಿಸಿ. ಆಸ್ಪತ್ರೆಗೆ ಹೋಗಿ. ಕುಡಿಯುವ ನೀರಿನ ಬಾಟಲಿಯಲ್ಲಿ ಆಸಿಡ್ ತುಂಬಿ ಇಡಲೇಬೇಡಿ.

ಸೋದರಿಯರೇ, ಮೊದಲು ನಾವು ಬಾಟಲಿಯ ಬಣ್ಣ ನೋಡಿ ತರುತ್ತಿದ್ದೆವು. ಈಗ ಅಕ್ಷರ ಬಂದಿದೆ. ಬಾಟಲಿಯ ಚೀಟಿ ಓದಿ. ಇಂಗ್ಲಿಷಿನಲ್ಲಿದ್ದರೆ ಮಕ್ಕಳಿಂದ ಓದಿಸಿ. ತಲೆಬುರುಡೆಯ ಗುರುತು ಇದೆಯಾ ನೋಡಿ.

ಇವತ್ತು ಮನೆಗೆ ಹೋಗಿ ಒಂದು ಕೆಲಸ ಮಾಡಿ. ಬಚ್ಚಲಿನ ಬಾಟಲಿಗಳನ್ನೆಲ್ಲ ಸಾಲಾಗಿ ಇಡಿ. ಒಂದೊಂದರ ಹೆಸರನ್ನೂ ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಆಸಿಡ್ ಒಂದು ಕಡೆ, ಬ್ಲೀಚಿಂಗ್ ಪುಡಿ ಇನ್ನೊಂದು ಕಡೆ ಇಡಿ. ಮಕ್ಕಳ ಕೈಗೆ ಎಟುಕದಂತೆ ಇಡಿ. ಬರೆದದ್ದನ್ನು ನಾಳೆ ತನ್ನಿ. ಎಲ್ಲರೂ ಕೂತು ಓದೋಣ.